ಓದುಗರನ್ನ ಕರೆಯೋದು ಒಂದು, ಉಳಿಸಿಕೊಳ್ಳೋದು ಇನ್ನೊಂದು

ನಮ್ಮ ಅಹಮದಾಬಾದಿನ ಕನ್ನಡ ಗೆಳೆಯರದ್ದು ಅಂತ ಒಂದು ಕಬ್ಬಿಣದ ಬೀರು ಇದೆ. ಒಳಗೆ ಸುಮಾರು ನಾನೂರು ಪುಸ್ತಕ. ಊರಿಗೆ ಹೋದಾಗೆಲ್ಲ ಒಬ್ಬೊಬ್ಬರು ಚೀಲದಲ್ಲಿ ಹೊತ್ತು ತಂದದ್ದು. ಬೀರು ಇರೋದು ಮಣಿನಗರದ ಒಬ್ಬರ ಮನೆಯಲ್ಲಿ, ಬೀಗದ ಕೈ ಇರೋದು ಸ್ಯಾಟಲೈಟ್ ಕಡೆಯ ಇನ್ನೊಬ್ಬರ ಮನೆಯಲ್ಲಿ! ಶುರು ಮಾಡಿದ ದಿನ ಎಂಬತ್ತು ಜನ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು, ಫೋಟೋ ಎಲ್ಲ ಆಯ್ತು. ಮರು ತಿಂಗಳು ಹನ್ನೊಂದು ಜನ. ಆರು ತಿಂಗಳಾಗೋ ಹೊತ್ತಿಗೆ ನಾನು ಮತ್ತು ಬೀಗದ ಕೈ ಇಟ್ಟುಕೊಂಡವರು, ಇಬ್ಬರೇ.

"ಜನ ಓದೋದು ಬಿಟ್ಟುಬಿಟ್ಟಿದಾರೆ ಬಿಡ್ರೀ" ಅಂತ ಇಬ್ಬರೂ ಚಹಾ ಕುಡಿದು ನಿಟ್ಟುಸಿರು ಬಿಟ್ಟೆವು. ಆಮೇಲೆ ಯೋಚನೆ ಬಂತು. ಮೂವತ್ತು ವರ್ಷಕ್ಕೂ ಮೇಲೆ ಅನ್ನ ಕೊಟ್ಟ ಈ ನಾಡಿನಲ್ಲಿ ನಮಗಿಂತ ಮುಂಚೆ ಓದುಗರಿಗಾಗಿ ಒದ್ದಾಡಿದವರು ಇರಲಿಲ್ಲವೆ? ಇದ್ದರು. ಅವರ ಕಥೆ ಹುಡುಕುತ್ತಾ ಹೋದೆ.

ಮೊದಲು ಸೂರತ್. ಅಲ್ಲಿ 1833ರಲ್ಲಿ ಹುಟ್ಟಿದ ಕವಿ ನರ್ಮದ್, 1858ರಲ್ಲಿ ಮಾಸ್ತರಿಕೆ ಬಿಟ್ಟು, ಇನ್ನು ಲೇಖನಿಯನ್ನೇ ನಂಬಿ ಬದುಕ್ತೀನಿ ಅಂತ ಪಣ ತೊಟ್ಟ. 1864ರಲ್ಲಿ ಮುಂಬಯಿಯಿಂದ 'ಡಾಂಡಿಯೋ' ಅನ್ನೋ ಪಾಕ್ಷಿಕ ಶುರು ಮಾಡಿದ. ಡಾಂಡಿಯೋ ಅಂದರೆ ರಾತ್ರಿ ಪಹರೆಯವನು ಜನರನ್ನ ಎಚ್ಚರಿಸೋಕೆ ಕುಟ್ಟುವ ದೊಣ್ಣೆ. ಹೆಸರಿಗೆ ತಕ್ಕ ಹಾಗೆ ಮೂಢನಂಬಿಕೆ, ವಿಧವೆಯರ ಪಾಡು, ಧರ್ಮದ ಹೆಸರಿನ ಮೋಸ ಯಾವುದನ್ನೂ ಬಿಡದೆ ಕುಟ್ಟಿದ. ಜನ ಎದ್ದು ನೋಡಿದ್ದೇನೋ ನಿಜ. ಆದರೆ ಪತ್ರಿಕೆ 1869ರವರೆಗೆ ಮಾತ್ರ ನಡೆಯಿತು. ಸಾಲ ಬೆನ್ನು ಬಿಡಲಿಲ್ಲ. ಕೊನೆಗಾಲದಲ್ಲಿ ಪಣ ಮುರಿದು ಮತ್ತೆ ಕೆಲಸಕ್ಕೆ ಸೇರಬೇಕಾಯ್ತು. ಎಬ್ಬಿಸೋದು ಸುಲಭ ಸ್ವಾಮಿ, ಎದ್ದವರನ್ನ ಕೂರಿಸಿಕೊಳ್ಳೋದು ಕಷ್ಟ.

ಇನ್ನು ನಮ್ಮ ಅಹಮದಾಬಾದು. 1919ರ ಸೆಪ್ಟೆಂಬರ್ 7ರಂದು ಗಾಂಧೀಜಿಯ ಸಂಪಾದಕತ್ವದಲ್ಲಿ 'ನವಜೀವನ' ಗುಜರಾತಿ ವಾರಪತ್ರಿಕೆಯಾಗಿ ಹೊರಬಂತು. ಜಾಹೀರಾತು ಬೇಡವೇ ಬೇಡ ಅನ್ನೋದು ಅವರ ಹಟ. ಓದುಗನೇ ಪತ್ರಿಕೆ ಸಾಕಬೇಕು, ಸಾಕದಿದ್ದರೆ ನಿಲ್ಲಬೇಕು, ಅಷ್ಟೇ. ಪ್ರಸಾರ ಒಂದು ಕಾಲಕ್ಕೆ ನಲವತ್ತು ಸಾವಿರದ ಹತ್ತಿರ ಹೋಗಿತ್ತು. ಆದರೆ 1922ರಲ್ಲಿ ಅವರು ಜೈಲಿಗೆ ಹೋದ ಮೇಲೆ ಇಳಿಯಿತು. ತಮ್ಮ ಆತ್ಮಕಥೆಯ ಕೊನೆಯ ಭಾಗ ಬರೆಯುವ ಹೊತ್ತಿಗೆ ಎಂಟು ಸಾವಿರಕ್ಕಿಂತ ಕಡಿಮೆ ಅಂತ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಗಾಂಧಿಗೇ ಹೀಗಾದರೆ ನಮ್ಮ ಬೀರಿನ ಗತಿ ಏನು ಹೇಳಿ!

ಆ ಆತ್ಮಕಥೆ ಹುಟ್ಟಿದ್ದು ಕೂಡ ಸ್ವಾರಸ್ಯವೇ. ಬರೀರಿ ಬರೀರಿ ಅಂತ ಸ್ವಾಮಿ ಆನಂದ್ ಬೆನ್ನು ಹತ್ತಿದ್ದರು. ಪುಸ್ತಕವಾಗಿ ಕೂತು ಬರೆಯೋಕೆ ಪುರಸೊತ್ತಿಲ್ಲ. ಹೇಗೂ ನವಜೀವನಕ್ಕೆ ವಾರವಾರ ಏನಾದರೂ ಬರೆಯಲೇಬೇಕು, ಅದನ್ನೇ ಯಾಕೆ ಬರೆಯಬಾರದು ಅಂತ ಒಪ್ಪಿಕೊಂಡರು. 1925ರ ನವೆಂಬರ್‌ನಿಂದ 1929ರ ಫೆಬ್ರವರಿವರೆಗೆ ಕಂತು ಕಂತಾಗಿ ಬಂತು. ಕದ್ದ ಬಂಗಾರ, ತಿಂದ ಮಾಂಸ, ಹೆಂಡತಿಯ ಮೇಲೆ ಮಾಡಿದ ದಬ್ಬಾಳಿಕೆ, ಎಲ್ಲವನ್ನೂ ಓದುಗರ ಮುಂದಿಟ್ಟರು. ಪ್ರಸಾರ ಕುಸಿದಿದ್ದ ಕಾಲದಲ್ಲೇ, ಉಳಿದವರಿಗಾಗಿ ಬರೆದದ್ದು ಇದು! ಆ ಕೆಲವೇ ಸಾವಿರ ಜನರಿಗೆ ಬರೆದದ್ದನ್ನ ಇವತ್ತು ಲೋಕವೇ ಓದುತ್ತಿದೆ. ಇದೇ ಊರಿನ ಗುಜರಾತ್ ವಿದ್ಯಾಪೀಠದಲ್ಲಿ ಓದಿದ್ದ ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು ಅದನ್ನ ಕನ್ನಡಕ್ಕೆ ತಂದರು.

ಆದರೆ ನನ್ನ ಕಣ್ಣು ತೆರೆಸಿದ್ದು ವಡೋದರ. ಮಹಾರಾಜ ಸಯಾಜಿರಾವ್ 1906ರಲ್ಲಿ ಇಡೀ ಬರೋಡಾ ಸಂಸ್ಥಾನಕ್ಕೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದರು. ಕಲಿತವರು ಓದದೆ ಬಿಟ್ಟರೆ ಕಲಿತದ್ದೂ ಮರೆತುಹೋಗುತ್ತೆ ಅನ್ನೋ ಚಿಂತೆ ಬಂತು. 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನ ಕರೆಸಿದರು. ಅರಮನೆಯ ತಮ್ಮ ಸ್ವಂತ ಪುಸ್ತಕಗಳನ್ನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಮಾಂಡವಿ ಬಳಿಯ ಸೆಂಟ್ರಲ್ ಲೈಬ್ರರಿಯ ಉಕ್ಕಿನ ಕಪಾಟು, ಗಾಜಿನ ನೆಲ ನೋಡಲು ಈಗಲೂ ಜನ ಹೋಗ್ತಾರೆ.

ನನಗೆ ಮಾತ್ರ ಆ ಗಾಜಿನ ನೆಲಕ್ಕಿಂತ ಹೆಚ್ಚು ಹಿಡಿಸಿದ್ದು ಮರದ ಪೆಟ್ಟಿಗೆ. ಪುಸ್ತಕ ತುಂಬಿದ ಪೆಟ್ಟಿಗೆಯನ್ನ ಹಳ್ಳಿಗೆ ಕಳಿಸೋದು. ಸಾಗಾಟದ ಖರ್ಚು ಇಲಾಖೆಯದೇ. ಓದಿ ಮುಗಿದ ಮೇಲೆ ಆ ಪೆಟ್ಟಿಗೆ ವಾಪಸ್, ಹೊಸ ಪೆಟ್ಟಿಗೆ ಹಾಜರ್. ಓದು ಬಾರದವರಿಗೆ ಮ್ಯಾಜಿಕ್ ಲ್ಯಾಂಟರ್ನ್ ಚಿತ್ರ, ಸಿನಿಮಾ. ಮಕ್ಕಳಿಗೆ ಲೈಬ್ರರಿಯಲ್ಲೇ ಆಟದ ಕೋಣೆ. ಆಡೋಕೆ ಬಂದ ಮಗು ಪುಸ್ತಕ ಮುಟ್ಟದೆ ಹೋದೀತೆ?

ಇನ್ನೂ ಒಂದು ಜಾಣತನ ಇತ್ತು. ಹಳ್ಳಿಯಲ್ಲಿ ಲೈಬ್ರರಿ ಬೇಕಾದರೆ ಊರವರು ಮೊದಲು ತಮ್ಮ ಪಾಲು ಕೂಡಿಸಬೇಕು. ಆಮೇಲೆ ಸರ್ಕಾರ ಕೈ ಜೋಡಿಸುತ್ತಿತ್ತು. ಪುಕ್ಕಟೆ ಕೊಟ್ಟಿದ್ದರೆ ಅದು ಮಹಾರಾಜರ ಲೈಬ್ರರಿ ಆಗಿರ್ತಿತ್ತು. ಜೇಬಿನಿಂದ ಕಾಸು ಹೋದದ್ದಕ್ಕೆ ಅದು 'ನಮ್ಮದು' ಆಯ್ತು. ಈ ಕೆಲಸಕ್ಕೆ ಬೋರ್ಡನ್‌ಗಿಂತ ಮೊದಲೇ ನೆಲ ಹದ ಮಾಡಿದ್ದು ಚರೋತರ್ ಸೀಮೆಯ ಮಾಸ್ತರು ಮೋತಿಭಾಯಿ ಅಮೀನ್. ಅವರು ಮಿತ್ರಮಂಡಲಗಳ ಮೂಲಕ ಹಳ್ಳಿ ಹಳ್ಳಿಗಳಲ್ಲಿ ವಾಚನಾಲಯ ಕಟ್ಟಿಸಿದವರು.

ನಮ್ಮಲ್ಲೇನು ಇಂಥವರಿರಲಿಲ್ಲವೆ? ಹಾವೇರಿ ಸೀಮೆಯ ಗಳಗನಾಥರು 'ಸದ್ಬೋಧ ಚಂದ್ರಿಕೆ'ಯಲ್ಲಿ ಕಾದಂಬರಿ ಬರೆದು, ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರು ಓದುಗರ ಬಾಗಿಲಿಗೆ ಹೋದರು. ನಾವು ಬೀರಿಗೆ ಬೀಗ ಹಾಕಿ, ಓದುಗರೇ ಬರಲಿ ಅಂತ ಕೂತೆವು!

ಕಳೆದ ಯುಗಾದಿಗೆ ಬೀಗ ತೆಗೆದೆವು. ಹತ್ತು ಮನೆಗೆ ಹತ್ತು ರಟ್ಟಿನ ಪೆಟ್ಟಿಗೆ, ಮನೆಗೆ ನೂರು ರೂಪಾಯಿ ವಂತಿಗೆ. ತಿಂಗಳ ಕೊನೆಯ ಭಾನುವಾರ ಪೆಟ್ಟಿಗೆ ಮುಂದಿನ ಮನೆಗೆ. ಮೂರು ಮನೆಯವರು ಬೇಡ ಅಂದರು. ಎರಡು ಪುಸ್ತಕ ಕಳೆದೇ ಹೋದವು. ಸುಳ್ಳು ಯಾಕೆ ಹೇಳಲಿ, ಎಂಬತ್ತು ಜನ ಮತ್ತೆ ಬರಲಿಲ್ಲ. ಆದರೆ ಮೊನ್ನೆ ವಸ್ತ್ರಾಪುರದ ಅಜ್ಜಿಯೊಬ್ಬರು ಫೋನ್ ಮಾಡಿ, "ಏನಪ್ಪಾ, ಎರಡನೇ ಭಾಗ ಕೊಡದೆ ಮೊದಲನೇ ಭಾಗ ಮಾತ್ರ ಯಾಕೆ ಇಟ್ಟಿದೀಯ? ನೂರು ರೂಪಾಯಿ ಕೊಟ್ಟಿಲ್ವಾ ನಾನು?" ಅಂತ ಚೆನ್ನಾಗಿ ಬೈದರು.

ಅಷ್ಟು ಖುಷಿಯಿಂದ ನಾನು ಬೈಸಿಕೊಂಡದ್ದೇ ಇಲ್ಲ. ಆ ಎರಡನೇ ಭಾಗ ಯಾರ ಮನೆಯಲ್ಲಿದೆಯೋ, ದಯವಿಟ್ಟು ಈ ಭಾನುವಾರ ಕಳಿಸಿಕೊಡಿ.