ಬಡಿತಕ್ಕೆ ಅಂಕ ಹಾಕುವುದು ಹೇಗೆ?



ಆಗಸ್ಟ್ ತಿಂಗಳು ಹತ್ತಿರ ಬಂತೆಂದರೆ ನಮ್ಮ ತಾಳವಾಡಿ ಬೆಟ್ಟದ ಶಾಲೆಗಳಲ್ಲಿ ಡ್ರಮ್ಮಿನ ಸದ್ದು ಶುರುವಾಗುತ್ತದೆ. ವರ್ಷವಿಡೀ ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದ ಸೈಡ್ ಡ್ರಮ್ ಕೆಳಗಿಳಿಯುತ್ತದೆ. ಸಡಿಲಾದ ತಿರುಪುಗಳನ್ನು ಬಿಗಿ ಮಾಡುತ್ತೇವೆ. ಸ್ವಾತಂತ್ರ್ಯ ದಿನದ ಕವಾಯತು ಮುಗಿದ ಮೇಲೂ ಮಕ್ಕಳ ಕೈ ಸುಮ್ಮನಿರುವುದಿಲ್ಲ, ಬೆಂಚಿನ ಮೇಲೆಲ್ಲ ಅದೇ ಬಡಿತ!

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ತಂಡವನ್ನು ಬೆಟ್ಟದ ಕೆಳಗಿನ ಒಂದು ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದೆ. ಹದಿನಾಲ್ಕು ಮಕ್ಕಳು, ಎರಡು ಸೈಡ್ ಡ್ರಮ್, ಒಂದು ದೊಡ್ಡ ಡ್ರಮ್, ಊರಿನಿಂದ ಕೇಳಿ ತಂದ ಎರಡು ತಮಟೆ. ನಮ್ಮ ಮುಂದೆ ನಿಂತದ್ದು ನಲವತ್ತು ಮಕ್ಕಳ ಬ್ಯಾಂಡು. ಹೊಳೆಯುವ ತುತ್ತೂರಿಗಳು, ಬಿಳಿ ಕೈಗವಸು, ಟೊಪ್ಪಿಗೆಯ ಮೇಲೆ ಗರಿ. ನಮ್ಮವರು ತಾಳ ತಪ್ಪಲಿಲ್ಲ, ಸಾಲು ತಪ್ಪಲಿಲ್ಲ. ಆದರೂ ಕಡೆಯ ಸ್ಥಾನ. ಅಂಕಪಟ್ಟಿ ಕೇಳಿದರೆ ತೋರಿಸುವ ಪದ್ಧತಿ ಇಲ್ಲ ಎಂದರು.

ವಾಪಸ್ ಬರುವಾಗ ಬಸ್ಸು ದಿಂಬಂ ಘಾಟಿಯ 27 ತಿರುವುಗಳನ್ನು ಏದುಸಿರು ಬಿಡುತ್ತಾ ಹತ್ತುತ್ತಿತ್ತು. ದೊಡ್ಡ ಡ್ರಮ್ ಬಾರಿಸಿದ ಏಳನೇ ತರಗತಿಯ ಹುಡುಗ ನನ್ನ ಪಕ್ಕಕ್ಕೆ ಬಂದು ಕೇಳಿದ: "ನಾವೇನು ತಪ್ಪು ಬಾರಿಸ್ದೊ ಸಾ?"

"ತಪ್ಪು ಬಾರಿಸಲಿಲ್ಲ ಕಣಪ್ಪ" ಅಂದೆ. "ಮತ್ಯಾಕೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವರ್ಷ ಅವನು ಡ್ರಮ್ಮು ಮುಟ್ಟಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದಾಗ ಒಂದು ವಿಷಯ ತಿಳಿಯಿತು. ಈ ಪ್ರಶ್ನೆ ನಮ್ಮ ಹುಡುಗನದು ಮಾತ್ರವಲ್ಲ. ಬಡಿತಕ್ಕೆ ಅಂಕ ಹಾಕಲು ಹೊರಟ ಎಲ್ಲ ಕಡೆಯೂ ಇದು ಎದ್ದಿದೆ, ಉತ್ತರ ಹುಡುಕಲು ಹಲವು ದಶಕಗಳೇ ಹಿಡಿದಿವೆ. ಆ ಕಥೆಯನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ತಪ್ಪು ಎಣಿಸುವ ಕಾಲ

ಶಾಲಾ ಬ್ಯಾಂಡು ನಮ್ಮಲ್ಲಿಗೆ ಬಂದದ್ದು ಸೈನ್ಯದಿಂದ. ಅಮೆರಿಕದಲ್ಲೂ ಹಾಗೆಯೇ. ಅಲ್ಲಿ ಡ್ರಮ್ಮು ಮತ್ತು ತುತ್ತೂರಿಗಳ ತಂಡಕ್ಕೆ 'ಡ್ರಮ್ ಕೋರ್' ಎನ್ನುತ್ತಾರೆ. ಕೋರ್ ಎಂದರೆ ದಳ. ಮೊದಲನೇ ಮಹಾಯುದ್ಧ ಮುಗಿಸಿ ಮನೆಗೆ ಬಂದ ಸೈನಿಕರು 'ಅಮೆರಿಕನ್ ಲೀಜನ್' ಎಂಬ ಸಂಘ ಕಟ್ಟಿಕೊಂಡರು. ಆ ಸಂಘ 1921ರಲ್ಲಿ ಇಂಥ ದಳಗಳಿಗೆ ರಾಷ್ಟ್ರಮಟ್ಟದ ಸ್ಪರ್ಧೆ ನಡೆಸಿತು. ಮುಂದೆ ಊರೂರಿನ ಹುಡುಗರ ದಳಗಳೂ ಹುಟ್ಟಿಕೊಂಡವು.

ಸೈನಿಕರು ನಡೆಸಿದ ಸ್ಪರ್ಧೆಯಾದ್ದರಿಂದ ತೀರ್ಪು ಕೂಡ ಕವಾಯತಿನ ತಪಾಸಣೆಯಂತೆ ಇತ್ತು. ತೀರ್ಪುಗಾರರು ಕೈಯಲ್ಲಿ ಹಲಗೆ ಹಿಡಿದು ಬಾರಿಸುವವರ ನಡುವೆಯೇ ಓಡಾಡುತ್ತಿದ್ದರು. ಕೋಲು ಒಂದು ಕ್ಷಣ ಹಿಂದೆ ಬಿದ್ದರೆ ಒಂದು ಗೀಟು, ಹೆಜ್ಜೆ ತಪ್ಪಿದರೆ ಇನ್ನೊಂದು ಗೀಟು. ಒಂದು ಗೀಟಿಗೆ ಹತ್ತನೇ ಒಂದು ಅಂಕ ಕಳೆಯುತ್ತಿದ್ದರು. ಕಡಿಮೆ ಗೀಟು ಬಿದ್ದವರು ಗೆದ್ದರು.

ಮೇಲ್ನೋಟಕ್ಕೆ ಇದರಷ್ಟು ನ್ಯಾಯವಾದದ್ದು ಬೇರೆ ಇಲ್ಲ ಅನಿಸುತ್ತದೆ. ತಪ್ಪು ತಪ್ಪೇ, ಅದಕ್ಕೆ ಮುಖ ನೋಡಿ ಮಣೆ ಹಾಕಲಾಗದು. ಆದರೆ ಒಂದು ಲೆಕ್ಕ ಮಾಡಿ ನೋಡೋಣ. ಒಂದು ತಂಡ ಸುಲಭದ ಬಡಿತ ಬಾರಿಸಿ ಆರು ತಪ್ಪು ಮಾಡಿತು, ಕಳೆದದ್ದು 0.6 ಅಂಕ. ಇನ್ನೊಂದು ತಂಡ ತುಂಬ ಕಷ್ಟದ ಬಡಿತ ಎತ್ತಿಕೊಂಡು ಹದಿನೈದು ತಪ್ಪು ಮಾಡಿತು, ಕಳೆದದ್ದು 1.5 ಅಂಕ. ಯಾರು ಹೆಚ್ಚು ಕಲಿತವರು? ಯಾರು ಗೆದ್ದವರು? ಹೀಗಾದಾಗ ಗುರುಗಳು ಏನು ಮಾಡುತ್ತಾರೆ ಹೇಳಿ. ಕಷ್ಟದ ಪಾಠ ಬಿಟ್ಟು ಸುಲಭದ್ದನ್ನೇ ಉಜ್ಜಿಸುತ್ತಾರೆ. ಪರೀಕ್ಷೆಗೆ ಬರುವ ಪ್ರಶ್ನೆಗಳನ್ನು ಮಾತ್ರ ಬಾಯಿಪಾಠ ಮಾಡಿಸುವ ಹಾಗೆ.

ನಿಯಮ ಮಾಡುವವರು ಒಬ್ಬರು, ಬಾರಿಸುವವರು ಇನ್ನೊಬ್ಬರು ಎಂಬ ಅಸಮಾಧಾನವೂ ಬೆಳೆಯಿತು. ಕೊನೆಗೆ ದಳಗಳೇ ಸೇರಿ 'ಡ್ರಮ್ ಕೋರ್ ಇಂಟರ್‌ನ್ಯಾಷನಲ್' ಎಂಬ ಸ್ವಂತ ಸಂಸ್ಥೆ ಕಟ್ಟಿದವು. ಅದರ ಮೊದಲ ಚಾಂಪಿಯನ್‌ಷಿಪ್ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ ನಡೆಯಿತು. ಗೆದ್ದದ್ದು ಕ್ಯಾಲಿಫೋರ್ನಿಯಾದ ಅನಹೈಮ್ ಕಿಂಗ್ಸ್‌ಮೆನ್ ದಳ. ಆಮೇಲೂ ಗೀಟು ಹಾಕುವ ಪದ್ಧತಿ ತಕ್ಷಣ ಹೋಗಲಿಲ್ಲ. 1984ರ ಹೊತ್ತಿಗೆ ಅದನ್ನು ಬಿಟ್ಟು, ತಪ್ಪಿಗೆ ಕಳೆಯುವ ಬದಲು ಸಾಧಿಸಿದ್ದಕ್ಕೆ ಕೂಡಿಸುವ ಪದ್ಧತಿಗೆ ಬಂದರು.

ಆ ನಂತರ ಅನೇಕ ವರ್ಷ ನಡೆದುಬಂದ ಲೆಕ್ಕ ಹೀಗಿದೆ. ಒಟ್ಟು 100 ಅಂಕ. ಇಡೀ ಪ್ರದರ್ಶನದ ಪರಿಣಾಮಕ್ಕೆ 40, ಕಣ್ಣಿಗೆ ಕಾಣುವುದಕ್ಕೆ 30, ಸಂಗೀತಕ್ಕೆ 30. ಪರಿಣಾಮವನ್ನು ಇಬ್ಬರು ತಲಾ 20ರಂತೆ ಅಳೆಯುತ್ತಾರೆ. ಉಳಿದ ಎರಡು ಭಾಗಗಳಿಗೆ ಮೂವರು ಮೂವರು. ಒಬ್ಬೊಬ್ಬರು 20ಕ್ಕೆ ಅಂಕ ಕೊಟ್ಟು, ಬಂದ 60ನ್ನು ಅರ್ಧ ಮಾಡಿದರೆ 30. ಡ್ರಮ್ ನೋಡುವವರು ಡ್ರಮ್ಮನ್ನಷ್ಟೇ ನೋಡುತ್ತಾರೆ, ತುತ್ತೂರಿಯವರು ತುತ್ತೂರಿಯನ್ನಷ್ಟೇ. ಒಬ್ಬರ ಇಷ್ಟಾನಿಷ್ಟ ಇಡೀ ಫಲಿತಾಂಶವನ್ನು ಎಳೆದುಕೊಂಡು ಹೋಗಬಾರದು ಎಂಬುದೇ ಇದರ ಉದ್ದೇಶ.

ಯಾರ ಜೊತೆ ಯಾರು?

ಅಂಕದ ಪ್ರಶ್ನೆಗಿಂತ ಮೊದಲು ಬರುವ ಪ್ರಶ್ನೆ ಒಂದಿದೆ. ಯಾರನ್ನು ಯಾರ ಎದುರು ನಿಲ್ಲಿಸಬೇಕು? ಕುಸ್ತಿಯಲ್ಲಿ ತೂಕ ನೋಡುತ್ತೇವೆ. ಕಬಡ್ಡಿಯಲ್ಲಿ ಎರಡೂ ಕಡೆ ಏಳೇ ಜನ. ಬ್ಯಾಂಡಿನಲ್ಲಿ ಮಾತ್ರ ಹದಿನಾಲ್ಕು ಜನರ ಎದುರು ನಲವತ್ತು ಜನ!

ಅಮೆರಿಕದ ದಳಗಳು ಇದಕ್ಕೂ ದಾರಿ ಹುಡುಕಿದವು. ಸಣ್ಣ ದಳಗಳಿಗೆ ಬೇರೆ ವರ್ಗ ಮಾಡಿದರು. 1992ರಲ್ಲಿ ಅವಕ್ಕೆ ಎರಡನೇ ವಿಭಾಗ, ಮೂರನೇ ವಿಭಾಗ ಎಂದು ಹೆಸರಾಯಿತು. ಮೂರನೆಯದು 60 ಜನರೊಳಗಿನ ದಳಗಳಿಗೆ. 2008ರಲ್ಲಿ ಮೊದಲನೇ ವಿಭಾಗಕ್ಕೆ 'ವರ್ಲ್ಡ್ ಕ್ಲಾಸ್' ಎಂದೂ, ಉಳಿದ ಎರಡನ್ನೂ ಸೇರಿಸಿ 'ಓಪನ್ ಕ್ಲಾಸ್' ಎಂದೂ ಕರೆದರು. ಎರಡನೇ ವಿಭಾಗ, ಮೂರನೇ ವಿಭಾಗ ಎಂದಾಗ 'ಎರಡನೇ ದರ್ಜೆಯವರು' ಎಂಬ ಭಾವನೆ ಬಾರದೆ ಇರುತ್ತದೆಯೇ? ಸಣ್ಣವರಿಗೆ ಅವರದೇ ಆದ ಪ್ರಶಸ್ತಿ ಉಳಿಯಿತು. ಇತ್ತೀಚಿನ ವರ್ಷಗಳಲ್ಲಿ ದೊಡ್ಡವರು ಬಾರಿಸುವ ಮೈದಾನದಲ್ಲೇ ಅವರಿಗೂ ಬಾರಿಸುವ ಅವಕಾಶ ಸಿಗುತ್ತಿದೆ. ನನಗೆ ಇದು ಹಿಡಿಸಿತು. ಬೇರೆ ಪಂಕ್ತಿ ಹಾಕಿದರೂ ಊಟದ ಮನೆ ಒಂದೇ ಇರಬೇಕು.

ನಮ್ಮ ದೇಶದಲ್ಲೂ ಗಣರಾಜ್ಯೋತ್ಸವದ ಅಂಗವಾಗಿ ಶಾಲಾ ಬ್ಯಾಂಡುಗಳ ರಾಷ್ಟ್ರೀಯ ಸ್ಪರ್ಧೆ ಇದೆ. ಶಿಕ್ಷಣ ಮತ್ತು ರಕ್ಷಣಾ ಸಚಿವಾಲಯಗಳು ಸೇರಿ ನಡೆಸುತ್ತವೆ. ನಾಲ್ಕು ವಿಭಾಗಗಳು: ಬಾಲಕರ ಬ್ರಾಸ್ ಬ್ಯಾಂಡ್, ಬಾಲಕಿಯರ ಬ್ರಾಸ್ ಬ್ಯಾಂಡ್, ಬಾಲಕರ ಪೈಪ್ ಬ್ಯಾಂಡ್, ಬಾಲಕಿಯರ ಪೈಪ್ ಬ್ಯಾಂಡ್. ನಾಲ್ಕು ವಲಯಗಳಿಂದ ಒಂದೊಂದು ವಿಭಾಗಕ್ಕೆ ಒಂದೊಂದು ತಂಡದಂತೆ 2024ರ ಜನವರಿಯಲ್ಲಿ 16 ತಂಡಗಳು ದೆಹಲಿಯ ಕಡೆಯ ಸುತ್ತಿನಲ್ಲಿ ಬಾರಿಸಿದವು. ವಾದ್ಯ ಬೇರೆಯಾದರೆ ವಿಭಾಗ ಬೇರೆ ಎಂಬುದು ಇಲ್ಲಿ ಸರಿಯಾಗಿದೆ. ಆದರೆ ಎರಡು ಡ್ರಮ್ಮು, ಎರಡು ತಮಟೆ ಇರುವ ಹಳ್ಳಿ ಶಾಲೆ ಇದರಲ್ಲಿ ಯಾವ ವಿಭಾಗ?

ಕಾಸರಗೋಡಿನ ಗೆಳೆಯರಿಗೆ ಗೊತ್ತಿರುವ ಕಥೆ

ನಮ್ಮ ಹಾಗೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡ ಶಾಲೆಗಳವರು ಕೇರಳದ ಶಾಲಾ ಕಲೋತ್ಸವವನ್ನು ಚೆನ್ನಾಗಿ ಬಲ್ಲರು. 1956ರ ನವೆಂಬರ್ 1ರಂದು ಕೇರಳ ಹುಟ್ಟಿತು. ಮರು ಜನವರಿಯಲ್ಲೇ, 1957ರಲ್ಲಿ, ಎರ್ನಾಕುಳಂನಲ್ಲಿ ಮೊದಲ ಕಲೋತ್ಸವ ನಡೆಯಿತು. ಇಂದು ಅಲ್ಲಿ ಬ್ಯಾಂಡ್ ಮೇಳ, ಚೆಂಡೆ ಮೇಳ, ಪಂಚವಾದ್ಯ ಎಲ್ಲವೂ ಸ್ಪರ್ಧೆಗಳೇ. ಯಕ್ಷಗಾನಕ್ಕೂ ಅಲ್ಲಿ ಜಾಗವಿದೆ.

1986ರಿಂದ ಅಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಹುಡುಗನಿಗೆ 'ಕಲಾಪ್ರತಿಭೆ', ಹುಡುಗಿಗೆ 'ಕಲಾತಿಲಕ' ಎಂಬ ಬಿರುದು ಕೊಡತೊಡಗಿದರು. ಉದ್ದೇಶ ಒಳ್ಳೆಯದೇ. ಆದರೆ ಬರಬರುತ್ತಾ ಅದು ಮಕ್ಕಳ ಸ್ಪರ್ಧೆ ಹೋಗಿ ಹೆತ್ತವರ ಸ್ಪರ್ಧೆಯಾಯಿತು. ಜಗಳ, ದೂರು, ಕೋರ್ಟು. ಸುಮಾರು ಇಪ್ಪತ್ತು ವರ್ಷ ನಡೆಸಿ, 2006ರಿಂದ ಆ ಬಿರುದುಗಳನ್ನೇ ಕೈಬಿಟ್ಟರು. ಒಬ್ಬನನ್ನು ಮೇಲೆ ಕೂರಿಸುವ ಬದಲು ದರ್ಜೆಗೆ ಮಹತ್ವ ಬಂತು. ಎ ದರ್ಜೆಗೆ 5, ಬಿ ದರ್ಜೆಗೆ 3, ಸಿ ದರ್ಜೆಗೆ 1 ಅಂಕ ಎಂಬ ಲೆಕ್ಕ. ನಾಲ್ಕು ತಂಡ ಚೆನ್ನಾಗಿ ಬಾರಿಸಿದರೆ ನಾಲ್ಕಕ್ಕೂ ಎ ದರ್ಜೆ ಸಿಗಬಹುದು.

ಇನ್ನೊಂದು ವ್ಯವಸ್ಥೆ ಮೇಲ್ಮನವಿ. ತೀರ್ಪು ತಪ್ಪು ಎನಿಸಿದರೆ ಹಣ ಕಟ್ಟಿ ಅರ್ಜಿ ಕೊಡಬಹುದು. ಅರ್ಜಿ ಒಪ್ಪಿದರೆ ಮುಂದಿನ ಹಂತದಲ್ಲಿ ಬಾರಿಸಬಹುದು. ಅಲ್ಲಿ ಮೊದಲು ಗೆದ್ದವರಿಗಿಂತ ಚೆನ್ನಾಗಿ ಬಂದರೆ ಕಟ್ಟಿದ ಹಣ ವಾಪಸ್. ಇದರಿಂದ ತಂಡಗಳ ಸಂಖ್ಯೆ ಬೆಳೆದು ಕಾರ್ಯಕ್ರಮ ನಡುರಾತ್ರಿ ದಾಟುವುದೂ ಉಂಟು. ದುಡ್ಡಿಲ್ಲದವರು ಮೇಲ್ಮನವಿಗೆ ಹೋಗುವುದು ಕಷ್ಟ ಎಂಬುದೂ ನಿಜ. ಆದರೂ 'ಕೇಳುವ ಹಕ್ಕು ಇದೆ' ಎಂಬುದೇ ಒಂದು ದೊಡ್ಡ ವಿಷಯ ಅಲ್ಲವೇ?

ನಮ್ಮ ಬೆಟ್ಟಕ್ಕೆ ಬರೋಣ

1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬರೆದಾಗ ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ನಮಗೆ ಚಾಮರಾಜನಗರ ಹತ್ತಿರ, ಜಿಲ್ಲಾ ಕೇಂದ್ರ ಈರೋಡು ದೂರ. 2022ರಲ್ಲಿ ತಮಿಳುನಾಡು ಸರ್ಕಾರ ಸರ್ಕಾರಿ ಶಾಲೆಗಳಿಗಾಗಿ 'ಕಲೈ ತಿರುವಿಳಾ' ಎಂಬ ಕಲಾ ಉತ್ಸವ ಆರಂಭಿಸಿತು. ಮೊದಲ ವರ್ಷ 6ರಿಂದ 8, 9 ಮತ್ತು 10, 11 ಮತ್ತು 12 ಎಂದು ತರಗತಿ ನೋಡಿ ಮೂರು ವಿಭಾಗ ಮಾಡಿದರು. ಶಾಲೆ, ಒಕ್ಕೂಟ, ಜಿಲ್ಲೆ, ರಾಜ್ಯ ಎಂದು ಹಂತಗಳು. ಗೆದ್ದವರಿಗೆ 'ಕಲೈಯರಸನ್', 'ಕಲೈಯರಸಿ' ಎಂಬ ಬಿರುದು. ಪಕ್ಕದ ಕೇರಳ ಬಿಟ್ಟುಕೊಟ್ಟಂಥ ಬಿರುದುಗಳು ಹದಿನಾರು ವರ್ಷದ ನಂತರ ಇಲ್ಲಿ ಹೊಸದಾಗಿ ಬಂದವು, ಗಮನಿಸಿ.

ಈ ಉತ್ಸವದಿಂದ ಹಳ್ಳಿ ಮಕ್ಕಳಿಗೆ ವೇದಿಕೆ ಸಿಕ್ಕಿದೆ, ಅದರಲ್ಲಿ ಎರಡು ಮಾತಿಲ್ಲ. ಭಾಷಣವೆಂದರೆ ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಕೆಳಗೆ ಇಳಿದ ತಕ್ಷಣ ಭಾಷೆಯ ಅಳುಕು. ತಮಟೆಗೆ, ಡ್ರಮ್ಮಿಗೆ ಆ ತೊಂದರೆ ಇಲ್ಲ. ಬಡಿತ ಯಾವ ಮಾಧ್ಯಮದ್ದೂ ಅಲ್ಲ. ಅದಕ್ಕೇ ಅಲ್ಲಿಯಾದರೂ ತೂಕದ ಕಲ್ಲು ಸರಿಯಿರಬೇಕು ಎಂದು ನನ್ನ ಆಸೆ.

ಅಂಕ ಕೂಡಿಸುವುದರಲ್ಲೂ ಒಂದು ಗುಂಡಿ ಇದೆ. ನನ್ನ ಏಳನೇ ತರಗತಿಗೆ ಈ ಲೆಕ್ಕ ಕೊಟ್ಟಿದ್ದೆ. ಮೂವರು ತೀರ್ಪುಗಾರರು, ಎರಡು ತಂಡ. ಮೊದಲ ತಂಡಕ್ಕೆ 64, 63, 50. ಎರಡನೆಯದಕ್ಕೆ 60, 60, 85. ಕೂಡಿದರೆ 177 ಮತ್ತು 205. ಮೂವರಲ್ಲಿ ಇಬ್ಬರಿಗೆ ಮೊದಲ ತಂಡವೇ ಮೇಲು, ಆದರೆ ಗೆದ್ದದ್ದು ಎರಡನೆಯದು! ಮೂರನೆಯವರು ಮೋಸ ಮಾಡಿದರು ಎನ್ನಲಾಗದು. ಅವರ ಕೈ ಸ್ವಲ್ಪ ಉದ್ದ, ಉಳಿದವರದು ಗಿಡ್ಡ, ಅಷ್ಟೇ. ಸ್ಪರ್ಧೆಗೆ ಮುಂಚೆ ಮೂವರೂ ಕೂತು 'ಎಷ್ಟಕ್ಕೆ ಉತ್ತಮ, ಎಷ್ಟಕ್ಕೆ ಸಾಧಾರಣ' ಎಂದು ಮಾತಾಡಿಕೊಂಡರೆ ಈ ತೊಂದರೆ ಬಹಳ ಮಟ್ಟಿಗೆ ಹೋಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನಾವು ನಮ್ಮ ಶಾಲೆಯೊಳಗಿನ ಸ್ಪರ್ಧೆಯಲ್ಲಿ ನಾಲ್ಕು ಪದ್ಧತಿ ಇಟ್ಟುಕೊಂಡೆವು. ತಂಡ ಮಾಡುವಾಗ ವಾದ್ಯಗಳ ಸಂಖ್ಯೆ ಸಮ. ಬಟ್ಟೆಗೆ, ಹೊಳಪಿಗೆ ಅಂಕ ಇಲ್ಲ. ತಾಳ, ಒಗ್ಗಟ್ಟು, ಎತ್ತಿಕೊಂಡ ಬಡಿತದ ಕಷ್ಟ ಈ ಮೂರಕ್ಕೇ ಅಂಕ. ಮೊದಲನೇ, ಎರಡನೇ ಎನ್ನುವ ಬದಲು ದರ್ಜೆ. ಎಲ್ಲಕ್ಕಿಂತ ಮುಖ್ಯವಾದದ್ದು, ಅಂಕಪಟ್ಟಿಯನ್ನು ಮಕ್ಕಳ ಕೈಗೆ ಕೊಡುವುದು, ಅದರ ಕೆಳಗೆ ಒಂದು ಸಾಲು ಬರೆಯುವುದು. "ನಡುವೆ ವೇಗ ಹೆಚ್ಚಾಯಿತು" ಎಂದೋ, "ಎಡಗೈ ಇನ್ನೂ ಗಟ್ಟಿಯಾಗಬೇಕು" ಎಂದೋ.

ಮೊದಲ ಸಲ ಪಟ್ಟಿ ಕೊಟ್ಟಾಗ ಸೋತ ತಂಡದ ಮಕ್ಕಳು ಅದನ್ನು ಮೂರು ಸಲ ಓದಿದರು. ಅಳಲಿಲ್ಲ. "ವೇಗ ಹೆಚ್ಚಾಗಿದ್ದು ನಿನ್ನಿಂದ, ನನ್ನಿಂದಲ್ಲ" ಎಂದು ಜಗಳವಾಡಿದರು, ಆಮೇಲೆ ಮರದ ಕೆಳಗೆ ಹೋಗಿ ಮತ್ತೆ ಬಾರಿಸತೊಡಗಿದರು. ನನಗೆ ಬಸ್ಸಿನ ಆ ಹುಡುಗ ನೆನಪಾದ. ಅವನು ಬಹುಮಾನ ಕೇಳಿರಲಿಲ್ಲ, ಕಾರಣ ಕೇಳಿದ್ದ. ಅಂದು ನನ್ನ ಕೈಯಲ್ಲಿ ಇಂಥದ್ದೊಂದು ಚೀಟಿ ಇದ್ದಿದ್ದರೆ!

ನಿಮ್ಮ ಶಾಲೆಗಳಲ್ಲಿ ಹೇಗೆ ಅಂಕ ಹಾಕುತ್ತೀರಿ? ಕಾಸರಗೋಡಿನ, ಕೃಷ್ಣಗಿರಿಯ, ಸೊಲ್ಲಾಪುರದ ಶಿಕ್ಷಕ ಮಿತ್ರರು ದಯವಿಟ್ಟು ತಿಳಿಸಿ. ನಾವೂ ಕಲಿಯುತ್ತೇವೆ.