ಈಜು ಬಂದರೆ ಸಾಕೇ? ತಣ್ಣನೆಯ ಸರೋವರದಲ್ಲಿ ಲೈಫ್ ಜಾಕೆಟ್ ಏಕೆ ಬೇಕು

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾ ಗಡಿಗೆ ತಾಗಿಕೊಂಡು ಬೌಂಡರಿ ವಾಟರ್ಸ್ ಎಂಬ ಕಾಡುಪ್ರದೇಶವಿದೆ. ಹಿಂದೆ ಹಿಮನದಿಗಳು ಗಟ್ಟಿ ಬಂಡೆಯನ್ನು ಕೊರೆದು ಮಾಡಿದ ಸಾವಿರಕ್ಕೂ ಹೆಚ್ಚು ಸರೋವರಗಳು ಇಲ್ಲಿವೆ. ಬಹುಪಾಲು ಸರೋವರಗಳಿಗೆ ಮೋಟಾರ್ ದೋಣಿ ತರುವಂತಿಲ್ಲ. ಕ್ಯಾನೂ ಎಂಬ ಹಗುರ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗಿ, ರಾತ್ರಿ ದಡದಲ್ಲಿ ಟೆಂಟ್ ಹಾಕುವುದು ಇಲ್ಲಿನ ಪ್ರವಾಸದ ರೀತಿ. ಒಂದು ಸರೋವರ ಮುಗಿದರೆ ದೋಣಿಯನ್ನು ಹೆಗಲ ಮೇಲೆ ಹೊತ್ತು ಮುಂದಿನದಕ್ಕೆ ನಡೆಯಬೇಕು. ಈ ಕಾಲುದಾರಿಗೆ ಪೋರ್ಟೇಜ್ ಎನ್ನುತ್ತಾರೆ. ಅದರ ಉದ್ದವನ್ನು ಈಗಲೂ ‘ರಾಡ್’ ಲೆಕ್ಕದಲ್ಲೇ ಹೇಳುವುದು. ಒಂದು ರಾಡ್ ಎಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ಕ್ಯಾನೂವಿನಷ್ಟು.

ಹೊಸಬರಿಗೆ ಇಲ್ಲಿ ಕರಡಿಯ ಭಯ. ನಿಜವಾಗಿ ಹೆದರಬೇಕಾದದ್ದು ನೀರಿಗೆ, ಅದರಲ್ಲೂ ನೀರಿನ ತಂಪಿಗೆ. ಏಪ್ರಿಲ್ ಕೊನೆ ಅಥವಾ ಮೇ ಮೊದಲ ಭಾಗದವರೆಗೂ ಹಲವು ಸರೋವರಗಳ ಮೇಲೆ ಮಂಜುಗಡ್ಡೆ ಇರುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಅಂಗಿ ತೆಗೆಯುವಷ್ಟು ಸೆಕೆಯಾದರೂ ನೀರು ಮಾತ್ರ ಕೊರೆಯುತ್ತಲೇ ಇರುತ್ತದೆ.

ತಣ್ಣೀರಿಗೆ ಬಿದ್ದವರು ಮೈ ಮರಗಟ್ಟಿ ನಿಧಾನವಾಗಿ ಸಾಯುತ್ತಾರೆ, ಅಷ್ಟರಲ್ಲಿ ಈಜಿ ದಡ ಸೇರಬಹುದು ಎಂಬ ನಂಬಿಕೆಯಿದೆ. ಇದು ತಪ್ಪು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂಬ ಸುಲಭ ಲೆಕ್ಕದಲ್ಲಿ ವಿವರಿಸಿದ್ದಾರೆ. ಮೊದಲ 1 ನಿಮಿಷ ಉಸಿರಿನದು. ಚರ್ಮ ಥಟ್ಟನೆ ತಣ್ಣಗಾದಾಗ ನಮ್ಮ ಹಿಡಿತಕ್ಕೆ ಸಿಗದೆ ಜೋರಾಗಿ ಉಸಿರು ಒಳಗೆಳೆದುಕೊಳ್ಳುತ್ತೇವೆ. ಆ ಕ್ಷಣ ಬಾಯಿ ನೀರೊಳಗಿದ್ದರೆ ಶ್ವಾಸಕೋಶಕ್ಕೆ ಹೋಗುವುದು ನೀರೇ. ಇಲ್ಲಿ ಈಜಿನ ಪರಿಣತಿ ಕೆಲಸಕ್ಕೆ ಬಾರದು. ನಂತರದ ಸುಮಾರು 10 ನಿಮಿಷಗಳಲ್ಲಿ ಕೈಕಾಲುಗಳ ನರ, ಸ್ನಾಯುಗಳು ತಣ್ಣಗಾಗಿ ಬಲ ಕಳೆದುಕೊಳ್ಳುತ್ತವೆ. ಒಳ್ಳೆಯ ಈಜುಗಾರನಿಗೂ ತೇಲಲಾಗುವುದಿಲ್ಲ. ದೇಹದ ಒಳಭಾಗ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಆದರೆ ಆ ಗಂಟೆ ಸಿಗುವುದು ಅಲ್ಲಿಯವರೆಗೆ ತೇಲುತ್ತಿದ್ದವರಿಗೆ ಮಾತ್ರ.

ಮಿನ್ನೆಸೋಟದ ಕಾನೂನಿನ ಪ್ರಕಾರ ದೋಣಿಯಲ್ಲಿ ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕು. ತೊಡುವುದು ಕಡ್ಡಾಯವಿರುವುದು 10 ವರ್ಷದೊಳಗಿನ ಮಕ್ಕಳಿಗೆ. ಹಾಗಾಗಿ ದೊಡ್ಡವರು ಅದನ್ನು ಸೀಟಿನ ಕೆಳಗೆ ತುರುಕಿಟ್ಟರೂ ಕಾನೂನು ಮುರಿದಂತಾಗುವುದಿಲ್ಲ. ಆದರೆ ಮಗುಚಿದ ಮೇಲೆ, ಮರಗಟ್ಟಿದ ಬೆರಳುಗಳಿಂದ ಅದರ ಬಕಲ್ ಹಾಕುವುದು ಆಗದ ಮಾತು. ಬೆಚ್ಚಗಿನ ಕೆರೆ, ಹೊಳೆಗಳಲ್ಲಿ ಈಜು ಕಲಿತ ನಮ್ಮವರು ಅಲ್ಲಿಗೆ ಹೋದಾಗ ಇದನ್ನು ನೆನಪಿಡಬೇಕು.

ಬಿದ್ದರೆ ಕೂಡಲೇ ಈಜಲು ಹೋಗಬೇಡಿ. ದೋಣಿ ಹಿಡಿದುಕೊಂಡು ಮೊದಲು ಉಸಿರಾಟ ಹದಕ್ಕೆ ಬರಲು ಬಿಡಿ. ಕೈಯಲ್ಲಿ ಬಲವಿರುವಾಗಲೇ ದೋಣಿಯ ಮೇಲೆ ಹತ್ತಲು ನೋಡಿ, ಮಗುಚಿಕೊಂಡಿದ್ದರೂ ಸರಿ. ದಡ ತೀರಾ ಹತ್ತಿರವಿದ್ದರೆ ಮಾತ್ರ ಈಜಿ. ಗಾಳಿ ಎದ್ದ ದಿನ ದೊಡ್ಡ ಸರೋವರದ ನಡುವೆ ಹಾಯುವ ಬದಲು ದಡದ ಪಕ್ಕದಲ್ಲೇ ಹೋಗಿ. ಒಂದು ಗಂಟೆ ತಡವಾಗಬಹುದು, ಅಷ್ಟೇ.