ಮುಂಬಯಿಯ ಸಾಸೂನ್ ಮನೆತನ

ಮುಂಬಯಿಯ ಕೊಲಾಬದಲ್ಲಿ ಮೀನುದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಸಾಸೂನ್ ಡಾಕ್ ಎಂದು ಹೆಸರು. ಪುಣೆಯ ಬಡರೋಗಿಗಳು ಮೊದಲು ನೆನೆಯುವ ಆಸ್ಪತ್ರೆಯ ಹೆಸರೂ ಅದೇ. ಆದರೆ ಅದು ಬಾಗ್ದಾದಿನಿಂದ ಪ್ರಾಣಭಯದಿಂದ ಓಡಿಬಂದ ಒಂದು ಯೆಹೂದ್ಯ ಕುಟುಂಬದ ಹೆಸರೆಂದು ಬಲ್ಲವರು ವಿರಳ.

ಯೆಹೂದ್ಯರು ಮುಂಬಯಿಗೆ ಅಪರಿಚಿತರಾಗಿರಲಿಲ್ಲ. ಕೊಂಕಣದ ಕರಾವಳಿಯಲ್ಲಿ ಎಣ್ಣೆಗಾಣ ನಡೆಸುತ್ತ, ಶನಿವಾರ ಗಾಣ ಹೂಡದ ಕಾರಣ ‘ಶನಿವಾರ ತೇಲಿ’ಗಳೆನಿಸಿಕೊಂಡ ಬೆನೆ ಇಸ್ರಾಯೇಲರು ಅಲ್ಲಿಗೆ ಮೊದಲೇ ಬಂದು ನೆಲೆಸಿದ್ದರು. 1796ರಲ್ಲಿ ಅವರ ಪ್ರಾರ್ಥನಾಮಂದಿರವನ್ನು ಕಟ್ಟಿಸಿದ ಸಾಮ್ಯುಯೆಲ್ ದಿವೇಕರನು, ಕಂಪನಿಯ ಸೈನ್ಯದಲ್ಲಿದ್ದು ಮೈಸೂರಿನ ಯುದ್ಧದಲ್ಲಿ ಟೀಪುವಿನ ಕೈಸೆರೆಯಾಗಿ ಬಿಡುಗಡೆ ಹೊಂದಿದವನು. ಇವರ ಮನೆಮಾತು ಮರಾಠಿ. ಬಾಗ್ದಾದಿನವರಾದರೋ ಅರಬ್ಬೀ ಮಾತಿನವರು, ಅರಬ್ಬೀ ಉಡುಪಿನವರು. ಧರ್ಮ ಒಂದೇ ಆಗಿದ್ದರೂ ಅವರು ಬೆನೆ ಇಸ್ರಾಯೇಲರಿಂದ ದೂರವೇ ಉಳಿದರು. ರುದ್ರಭೂಮಿಯಲ್ಲಿಯೂ ಪ್ರತ್ಯೇಕ ಸ್ಥಳವನ್ನು ಬಯಸಿದರು.

ಈ ಮನೆತನದ ಮೂಲಪುರುಷನಾದ ಡೇವಿಡ್ ಸಾಸೂನನು 1792ರಲ್ಲಿ ಬಾಗ್ದಾದಿನಲ್ಲಿ ಜನಿಸಿದನು. ಆತನ ತಂದೆ ಅಲ್ಲಿಯ ಪಾಶಾಗಳ ಬೊಕ್ಕಸದ ಅಧಿಕಾರಿ, ಸ್ವಜನರ ಮುಖಂಡ. ದಾವೂದ್ ಪಾಶಾನ ಆಳಿಕೆಯಲ್ಲಿ ಸಿರಿವಂತ ಯೆಹೂದ್ಯರ ಮೇಲೆ ಕಿರುಕುಳ ಮಿತಿಮೀರಿದಾಗ, ಡೇವಿಡನು ರಾತ್ರೋರಾತ್ರಿ ಊರು ಬಿಟ್ಟು ಪಾರಸಿಕ ದೇಶದ ಬುಶೇರ್ ಬಂದರಿಗೆ ಓಡಿಬಂದನು. ಅಂಗಿಯ ಮಡಿಕೆಗಳಲ್ಲಿ ಮುತ್ತುಗಳನ್ನು ಹೊಲಿದು ತಂದಿದ್ದನೆಂಬ ಪ್ರತೀತಿ ಇದೆ. 1832ರಲ್ಲಿ ಹೆಂಡಿರು ಮಕ್ಕಳೊಡನೆ ಮುಂಬಯಿಗೆ ಬಂದಾಗ ಆತನಿಗೆ ನಲವತ್ತು ವರ್ಷ.

ಮುಂಬಯಿ ಆಗ ಬೆಳೆಯುತ್ತಿದ್ದ ಊರು. ಪರ್ಷಿಯಾ ಮತ್ತು ಅರಬ್ಬೀ ನಾಡುಗಳ ವ್ಯಾಪಾರಿಗಳ ಭಾಷೆ, ನಡೆನುಡಿಗಳು ಡೇವಿಡನಿಗೆ ಕರತಲಾಮಲಕವಾಗಿದ್ದವು. ಎಂಟು ಗಂಡುಮಕ್ಕಳಿದ್ದುದೇ ಅವನ ದೊಡ್ಡ ಬಂಡವಾಳ. ಎರಡನೆಯ ಮಗ ಎಲಿಯಾಸನು 1844ರಲ್ಲಿ ಚೀನಕ್ಕೆ ತೆರಳಿದನು. ಮಕ್ಕಳು ಹೋದಲ್ಲೆಲ್ಲ ಅಂಗಡಿ ತೆರೆಯಿತು. ಬಾಗ್ದಾದಿನಿಂದ ವಲಸೆ ಬಂದ ಬಡ ಸ್ವಜನರಿಗೆ ಆ ಅಂಗಡಿಗಳಲ್ಲಿ ಕೆಲಸ ದೊರೆಯಿತು. ಪತ್ರವ್ಯವಹಾರವು ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬೀಯಲ್ಲಿಯೇ ಸಾಗುತ್ತಿತ್ತು. 1853ರಲ್ಲಿ ಬ್ರಿಟಿಷ್ ಪ್ರಜೆಯಾದಾಗ ಡೇವಿಡನು ರುಜು ಹಾಕಿದ್ದು ಹೀಬ್ರೂ ಅಕ್ಷರಗಳಲ್ಲಿಯೇ. ಇಂಗ್ಲಿಷು ಆತನಿಗೆ ಬರುತ್ತಿರಲಿಲ್ಲ.

ಈ ಐಶ್ವರ್ಯದ ಮೂಲವನ್ನು ಮರೆಮಾಚುವುದು ಇತಿಹಾಸಧರ್ಮವಲ್ಲ. ಹತ್ತಿ, ನೂಲು, ಬಟ್ಟೆಗಳ ಜೊತೆಗೆ ಅಫೀಮೂ ಅವರ ಮುಖ್ಯ ಸರಕಾಗಿತ್ತು. ಮಾಳವದ ಅಫೀಮು ಮುಂಬಯಿಯಿಂದ ಹಡಗೇರಿ ಚೀನದ ಲಕ್ಷಾಂತರ ಮನೆಗಳನ್ನು ಹಾಳುಮಾಡಿತು. ಆ ವ್ಯಾಪಾರಕ್ಕೆ ಸರಕಾರದ ಸಮ್ಮತಿಯಿದ್ದಿತು; ಬೇರೆ ಶ್ರೀಮಂತರೂ ಅದರಲ್ಲಿ ಪಾಲುಗಾರರಾಗಿದ್ದರು. ಆದರೂ ದೋಷವು ದೋಷವೇ. 1861ರಿಂದ 1865ರ ವರೆಗೆ ನಡೆದ ಅಮೇರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಗಗನಕ್ಕೇರಿತು. ಧಾರವಾಡ ಸೀಮೆಯ ಹತ್ತಿಯೂ ಕುಮಟೆಯ ಬಂದರದಿಂದ ಮುಂಬಯಿಗೆ ಹರಿದ ಕಾಲವದು. ಸಾಸೂನರ ಸಂಪತ್ತೂ ಇಮ್ಮಡಿಸಿತು.

ಗಳಿಸಿದ ಕೈಯೇ ಕೊಟ್ಟಿತು. ಭಾಯಖಳಾದ ಮಾಗೆನ್ ಡೇವಿಡ್ ಪ್ರಾರ್ಥನಾಮಂದಿರ, ದಾರಿತಪ್ಪಿದ ಬಾಲಕರ ಸುಧಾರಣಾಲಯ, 1867ರ ಪುಣೆಯ ಆಸ್ಪತ್ರೆ, 1870ರಲ್ಲಿ ಪೂರ್ಣಗೊಂಡ ವಾಚನಾಲಯ, ಇವೆಲ್ಲ ಆತನ ದಾನದ ಫಲಗಳು. ಆಸ್ಪತ್ರೆ, ವಾಚನಾಲಯಗಳು ಮುಗಿಯುವುದನ್ನು ನೋಡಲು ಆತನಿರಲಿಲ್ಲ. 1864ರಲ್ಲಿ ಪುಣೆಯಲ್ಲಿ ತೀರಿಕೊಂಡನು.

ತಂದೆಯ ತರುವಾಯ ಮನೆತನದ ರೀತಿ ಬದಲಾಯಿತು. ಹಿರಿಯ ಮಗ ಅಬ್ದುಲ್ಲಾನು ಆಲ್ಬರ್ಟನಾದನು. 1875ರಲ್ಲಿ ಸಾಸೂನ್ ಡಾಕ್ ಕಟ್ಟಿಸಿದವನು ಆತನೇ. ‘ಕಾಲಾ ಘೋಡಾ’ ಎಂಬ ಸ್ಥಳನಾಮಕ್ಕೆ ಕಾರಣವಾದ ರಾಜಕುಮಾರನ ಅಶ್ವಾರೂಢ ಪ್ರತಿಮೆಯೂ ಆತನ ಕೊಡುಗೆಯೇ. ಆದರೆ ಆತನು ಇಂಗ್ಲೆಂಡಿನಲ್ಲಿ ನೆಲೆಸಿ, 1890ರಲ್ಲಿ ಬ್ಯಾರೊನೆಟ್ ಪದವಿ ಪಡೆದು, ಅಲ್ಲಿಯೇ ಮೃತನಾದನು. ಎಲಿಯಾಸನು 1867ರಲ್ಲಿ ಪಾಲು ಬೇರೆ ಮಾಡಿಕೊಂಡನು. ಆತನ ಮಗ ಜೇಕಬನು ಮುಂಬಯಿಯಲ್ಲಿ ಗಿರಣಿಗಳನ್ನು ಬೆಳೆಸಿ, 1884ರಲ್ಲಿ ತಂದೆಯ ನೆನಪಿಗಾಗಿ ಕೋಟೆಯ ಭಾಗದಲ್ಲಿ ಇನ್ನೊಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಿದನು. ಡೇವಿಡನ ಸೊಸೆಯಾದ ಫ್ಲೋರಾ ಎಂಬ ವಿದುಷಿಯು, ಪತಿ 1894ರಲ್ಲಿ ಕಾಲವಾದ ಮೇಲೆ ಮುಂಬಯಿಯ ಪೇಢಿಯನ್ನು ತಾನೇ ನಡೆಸಿದಳು. ಸ್ತ್ರೀಯರು ಪೇಢಿಯ ಗಾದಿಯ ಮೇಲೆ ಕುಳಿತ ಉದಾಹರಣೆಗಳು ದುರ್ಲಭವಾಗಿದ್ದ ಕಾಲವದು. 1901ರಲ್ಲಿ ಆಕೆಯೂ ಲಂಡನ್ನಿಗೆ ತೆರಳಿದಳು.

ಅರಬ್ಬೀ ರುಮಾಲು ಸುತ್ತಿ, ಇಂಗ್ಲಿಷನ್ನರಿಯದೆ ಬಾಳಿದ ಹಿರಿಯನು ಮುಂಬಯಿಯಲ್ಲಿ ಆಳವಾಗಿ ಬೇರೂರಿದನು. ಇಂಗ್ಲಿಷರ ಮಾತು, ಬಿರುದು, ಉಡುಪುಗಳನ್ನು ತಳೆದ ಸಂತತಿಯು ಒಂದೊಂದಾಗಿ ದೂರವಾಯಿತು. 1914ರ ಮಹಾಯುದ್ಧದ ಕ್ರೌರ್ಯವನ್ನು ಹಾಡಿ ಖ್ಯಾತನಾದ ಆಂಗ್ಲ ಕವಿ ಸೀಗ್‌ಫ್ರೀಡ್ ಸಾಸೂನನು ಡೇವಿಡನ ಮರಿಮಗನೇ ಆಗಿದ್ದರೂ, ಆತನು ಬೆಳೆದುದು ಕ್ರೈಸ್ತ ಸಂಪ್ರದಾಯದಲ್ಲಿ.

ಮೊಮ್ಮಕ್ಕಳು ಮರಿಮಕ್ಕಳು ಚದುರಿದರು; ಗಿರಣಿಗಳು ಪರರ ಕೈಸೇರಿದವು. ಆದರೆ ವಾಚನಾಲಯದಲ್ಲಿ ಇಂದಿಗೂ ಓದುಗರು ಕೂಡುತ್ತಾರೆ, ಆಸ್ಪತ್ರೆಯ ಬಾಗಿಲು ತೆರೆದಿದೆ. ಪುಣೆಯ ಜನರು ‘ಲಾಲ್ ದೇವಳ’ವೆಂದು ಕರೆಯುವ ಕೆಂಪು ಇಟ್ಟಿಗೆಯ ಪ್ರಾರ್ಥನಾಮಂದಿರದ ಅಂಗಳದಲ್ಲಿ ಡೇವಿಡ್ ಸಾಸೂನನ ಗೋರಿಯಿದೆ. ಆಶ್ರಯ ಬೇಡಿ ಬಂದ ನಾಡಿನ ಮಣ್ಣಿನಲ್ಲಿಯೇ ಆತನು ಮಲಗಿದ್ದಾನೆ.